ಅಳತೆಯ ದೋಷಕ್ಕೂ ನಿಯಮ ಕಂಡ ಗೌಸ್

ಅಪರಿಚಿತ ಬಡಾವಣೆಯಲ್ಲಿ ವಿಳಾಸ ಹುಡುಕುವವರ ಮೊಬೈಲ್ ಪರದೆಯ ಮೇಲೆ ಇಂದು ನೀಲಿ ಚುಕ್ಕೆಯೊಂದು ಮೂಡುತ್ತದೆ. ಅದರ ಸುತ್ತ ತಿಳಿನೀಲಿ ವೃತ್ತವೊಂದು ಹಿಗ್ಗುತ್ತದೆ, ಕುಗ್ಗುತ್ತದೆ. ಚುಕ್ಕೆ ನಾವಿರುವ ಸ್ಥಳವನ್ನು ಸೂಚಿಸಿದರೆ, ಆ ಸೂಚನೆ ಎಷ್ಟು ತಪ್ಪಿರಬಹುದು ಎಂಬುದನ್ನು ವೃತ್ತ ತಿಳಿಸುತ್ತದೆ. ಚಾರಣಿಗರು, ಅರಣ್ಯ ಸಿಬ್ಬಂದಿ ಮತ್ತು ಭೂಮಾಪಕರು ಕೈಯಲ್ಲಿ ಹಿಡಿದು ಓಡಾಡುವ ಜಿಪಿಎಸ್ ಉಪಕರಣಗಳೂ ಸ್ಥಳದ ಜೊತೆಗೆ ಇಷ್ಟು ಮೀಟರ್ ಹೆಚ್ಚುಕಡಿಮೆ ಎಂಬ ಅಂಕಿಯನ್ನು ನೀಡುತ್ತವೆ. ತನ್ನ ಉತ್ತರದಲ್ಲಿರುವ ತಪ್ಪಿನ ಪ್ರಮಾಣವನ್ನು ತಾನೇ ಹೇಳಬಲ್ಲ ಈ ಗಣಿತಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರು ಜರ್ಮನಿಯ ಕಾರ್ಲ್ ಫ್ರೆಡ್ರಿಕ್ ಗೌಸ್. ಮೊದಲ ಕೃತಕ ಉಪಗ್ರಹ ಬಾನಿಗೇರಿದ್ದು 1957ರಲ್ಲಿ. ಗೌಸ್ ತೀರಿಕೊಂಡು ಆಗಲೇ ನೂರು ವರ್ಷ ಕಳೆದಿತ್ತು.

ತಾಯಿಗೆ ನೆನಪಿರದ ಜನ್ಮದಿನ

ಗೌಸ್ ಜನಿಸಿದ್ದು 1777ರ ಏಪ್ರಿಲ್ 30ರಂದು, ಬ್ರನ್ಸ್‌ವಿಕ್ ನಗರದ ಬಡ ಕುಟುಂಬವೊಂದರಲ್ಲಿ. ತಂದೆ ಗೆಬ್‌ಹಾರ್ಡ್ ತೋಟಗಾರಿಕೆ, ಗಾರೆಕೆಲಸ ಹೀಗೆ ಸಿಕ್ಕ ದುಡಿಮೆಯಿಂದ ಸಂಸಾರ ನಡೆಸುತ್ತಿದ್ದರು. ತಾಯಿ ಡೊರೊಥಿಯಾ ಬರೆಯಲು ಬಾರದವರು. ಮಗ ಹುಟ್ಟಿದ ತಾರೀಖು ಅವರಿಗೆ ನೆನಪಿರಲಿಲ್ಲ. ಕ್ರೈಸ್ತರ ಸ್ವರ್ಗಾರೋಹಣ ಹಬ್ಬಕ್ಕೆ ಎಂಟು ದಿನ ಮೊದಲು, ಬುಧವಾರ ಎಂಬುದಷ್ಟೇ ನೆನಪಿನಲ್ಲಿತ್ತು. ಆ ಹಬ್ಬದ ದಿನ ಈಸ್ಟರ್ ಹಬ್ಬವನ್ನು ಅನುಸರಿಸಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಯಾವುದೇ ವರ್ಷದ ಈಸ್ಟರ್ ದಿನಾಂಕವನ್ನು ಕಂಡುಕೊಳ್ಳುವ ಸೂತ್ರವೊಂದನ್ನು ಗೌಸ್ ಮುಂದೆ 1800ರಲ್ಲಿ ಪ್ರಕಟಿಸಿದರು. ಅರೆಬರೆ ಮಾಹಿತಿಯಿಂದ ಖಚಿತ ಉತ್ತರವನ್ನು ತೆಗೆಯುವುದು ಅವರ ಜೀವಮಾನದ ಕೆಲಸವಾಯಿತು.

ಮಗ ತಮ್ಮಂತೆಯೇ ಕೈಕಸುಬು ಹಿಡಿಯಲಿ ಎಂಬುದು ತಂದೆಯ ಬಯಕೆ. ಆದರೆ ಶಾಲೆಯ ಉಪಾಧ್ಯಾಯರು ಮತ್ತು ಅವರ ಯುವ ಸಹಾಯಕ ಮಾರ್ಟಿನ್ ಬಾರ್ಟೆಲ್ಸ್ ಬಾಲಕನ ಅಸಾಧಾರಣ ಪ್ರತಿಭೆಯನ್ನು ಗುರುತಿಸಿದರು. ಸುದ್ದಿ ಬ್ರನ್ಸ್‌ವಿಕ್‌ನ ಡ್ಯೂಕ್ ಕಾರ್ಲ್ ವಿಲ್ಹೆಲ್ಮ್ ಫರ್ಡಿನಾಂಡ್ ಅವರ ಆಸ್ಥಾನವನ್ನು ಮುಟ್ಟಿತು. ಡ್ಯೂಕ್ ನೀಡಿದ ವಿದ್ಯಾರ್ಥಿವೇತನದಿಂದ ಗೌಸ್ ಮೊದಲು ಬ್ರನ್ಸ್‌ವಿಕ್‌ನ ಕಾಲೇಜಿನಲ್ಲಿ, 1795ರಿಂದ ಗೊಟಿಂಗೆನ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದರು. 1796ರಲ್ಲಿ, ಹತ್ತೊಂಬತ್ತು ತುಂಬುವ ಮೊದಲೇ, ಅಳತೆಪಟ್ಟಿ ಮತ್ತು ಕೈವಾರಗಳಿಂದಷ್ಟೇ ಹದಿನೇಳು ಭುಜಗಳ ಕ್ರಮಾಕೃತಿಯನ್ನು ರಚಿಸಬಹುದೆಂದು ಸಾಧಿಸಿ ತೋರಿಸಿದರು. ಗ್ರೀಕರ ಕಾಲದಿಂದ ಯಾರಿಗೂ ಹೊಳೆಯದಿದ್ದ ಸಂಗತಿ ಅದು. 1801ರಲ್ಲಿ ಪ್ರಕಟವಾದ ಅವರ ಸಂಖ್ಯಾಶಾಸ್ತ್ರದ ಗ್ರಂಥ ವಿದ್ವಾಂಸರ ವಲಯದಲ್ಲಿ ಹೆಸರು ತಂದಿತು. ಆದರೆ ಅವರ ಹೆಸರನ್ನು ಯೂರೋಪಿನಾದ್ಯಂತ ಹರಡಿದ್ದು ಆಕಾಶದಲ್ಲಿ ಕಣ್ಮರೆಯಾದ ಒಂದು ಬೆಳಕಿನ ಚುಕ್ಕೆ.

ಕಳೆದುಹೋದ ಸಿರಿಸ್

1801ರ ಜನವರಿ 1ರ ರಾತ್ರಿ ಸಿಸಿಲಿಯ ಪಲೆರ್ಮೊದಲ್ಲಿ ಖಗೋಳಶಾಸ್ತ್ರಜ್ಞ ಜುಸೆಪ್ಪೆ ಪಿಯಾಜಿ ಹೊಸ ಆಕಾಶಕಾಯವೊಂದನ್ನು ಕಂಡರು. ಮಂಗಳ ಮತ್ತು ಗುರುಗ್ರಹಗಳ ನಡುವೆ ಸುತ್ತುವ ಆ ಕಾಯಕ್ಕೆ ಸಿರಿಸ್ ಎಂದು ಹೆಸರಿಟ್ಟರು. ಫೆಬ್ರುವರಿ 11ರವರೆಗೆ ಅದರ ಜಾಡು ಹಿಡಿಯಲು ಅವರಿಗೆ ಸಾಧ್ಯವಾಯಿತು. ಬಳಿಕ ಸಿರಿಸ್ ಸೂರ್ಯನ ಪ್ರಭೆಯಲ್ಲಿ ಮರೆಯಾಯಿತು. ತಿಂಗಳುಗಳ ನಂತರ ಅದನ್ನು ಮತ್ತೆ ಎಲ್ಲಿ ಹುಡುಕಬೇಕು ಎಂಬುದು ಯಾರಿಗೂ ತಿಳಿಯಲಿಲ್ಲ. ನಲವತ್ತೊಂದು ದಿನಗಳ ಅವಧಿಯ ವೀಕ್ಷಣೆಯಿಂದ, ವರ್ಷಗಟ್ಟಲೆ ಸಾಗುವ ಕಕ್ಷೆಯನ್ನು ಊಹಿಸಬೇಕಿತ್ತು. ವೀಕ್ಷಣೆಯ ಸಣ್ಣ ತಪ್ಪೂ ಅಂತಿಮ ಲೆಕ್ಕದಲ್ಲಿ ಬೃಹದಾಕಾರ ತಾಳುವ ಅಪಾಯವಿತ್ತು.

ಇಪ್ಪತ್ನಾಲ್ಕರ ಹರೆಯದ ಗೌಸ್ ಈ ಸವಾಲನ್ನು ಕೈಗೆತ್ತಿಕೊಂಡರು. ಮೂರು ವೀಕ್ಷಣೆಗಳಿಂದ ಸ್ಥೂಲವಾದ ಕಕ್ಷೆಯೊಂದನ್ನು ಪಡೆದು, ಉಳಿದ ವೀಕ್ಷಣೆಗಳಿಗೆ ಅದನ್ನು ಹೋಲಿಸಿ, ಹಂತಹಂತವಾಗಿ ತಿದ್ದುತ್ತ ಹೋದರು. ಇತರರು ಸೂಚಿಸಿದ ಜಾಗಕ್ಕಿಂತ ಹಲವು ಡಿಗ್ರಿಗಳಷ್ಟು ದೂರದ ಜಾಗವನ್ನು ಅವರ ಲೆಕ್ಕ ತೋರಿಸಿತು. 1801ರ ಡಿಸೆಂಬರಿನಲ್ಲಿ ಫ್ರಾನ್ಜ್ ಫಾನ್ ಜಾಕ್, 1802ರ ಜನವರಿ 1ರಂದು ಹೈನ್ರಿಕ್ ವಿಲ್ಹೆಲ್ಮ್ ಓಲ್ಬರ್ಸ್, ಗೌಸ್ ಹೇಳಿದ ಜಾಗದ ಸಮೀಪದಲ್ಲೇ ಸಿರಿಸ್ ಅನ್ನು ಪತ್ತೆಮಾಡಿದರು. ಬ್ರನ್ಸ್‌ವಿಕ್‌ನ ಯುವಕ ಒಮ್ಮೆಗೇ ಖಗೋಳಶಾಸ್ತ್ರದ ಧ್ರುವತಾರೆಯಾದರು.

ಇಂದಿನ ಜಿಪಿಎಸ್ ಗ್ರಾಹಕ ಮಾಡುವ ಕೆಲಸವೂ ಇದೇ ಜಾಡಿನದು. ಪ್ರತಿ ಉಪಗ್ರಹವೂ ತಾನಿರುವ ಸ್ಥಳವನ್ನೂ ಸಂಕೇತ ಹೊರಟ ಸಮಯವನ್ನೂ ಪ್ರಸಾರ ಮಾಡುತ್ತದೆ. ಸಂಕೇತ ತಲುಪಲು ಹಿಡಿದ ಸಮಯವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಗುತ್ತದೆ. ಉಪಗ್ರಹದಲ್ಲಿರುವುದು ಪರಮಾಣು ಗಡಿಯಾರ. ಕೈಯಲ್ಲಿರುವ ಉಪಕರಣದ್ದು ಅಗ್ಗದ ಗಡಿಯಾರ. ಅದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ತಪ್ಪಿದರೂ ದೂರದ ಲೆಕ್ಕ 300 ಮೀಟರ್ ಏರುಪೇರಾಗುತ್ತದೆ. ಆದ್ದರಿಂದ ಅಕ್ಷಾಂಶ, ರೇಖಾಂಶ, ಎತ್ತರಗಳ ಜೊತೆಗೆ ಗಡಿಯಾರದ ತಪ್ಪನ್ನೂ ನಾಲ್ಕನೆಯ ಅಜ್ಞಾತವೆಂದು ಎಣಿಸಿ, ಕನಿಷ್ಠ ನಾಲ್ಕು ಉಪಗ್ರಹಗಳಿಂದ ಉತ್ತರ ಪಡೆಯಬೇಕಾಗುತ್ತದೆ. ಉಪಕರಣ ಮೊದಲು ಒಂದು ಸ್ಥಳವನ್ನು ಊಹಿಸಿಕೊಳ್ಳುತ್ತದೆ. ಆ ಊಹೆಗೂ ಅಳತೆಗಳಿಗೂ ಇರುವ ವ್ಯತ್ಯಾಸವನ್ನು ಕಂಡು ತಿದ್ದುತ್ತದೆ. ತಿದ್ದುವುದಕ್ಕೆ ಏನೂ ಉಳಿಯದವರೆಗೆ ಅದನ್ನೇ ಪುನರಾವರ್ತಿಸುತ್ತದೆ. ಈ ಕ್ರಮಕ್ಕೆ ಗಣಿತಶಾಸ್ತ್ರದಲ್ಲಿ ಗೌಸ್ ಮತ್ತು ನ್ಯೂಟನ್ ಇಬ್ಬರ ಹೆಸರೂ ಅಂಟಿಕೊಂಡಿದೆ.

ಹೆಚ್ಚು ಅಳತೆ, ಹೆಚ್ಚು ಜಗಳ

ನಾಲ್ಕರ ಬದಲು ಹತ್ತು ಉಪಗ್ರಹಗಳು ಕಂಡಾಗ ಮತ್ತೊಂದು ತೊಡಕು ಎದುರಾಗುತ್ತದೆ. ಪ್ರತಿ ಅಳತೆಯಲ್ಲೂ ಚೂರುಪಾರು ತಪ್ಪಿರುವುದರಿಂದ ಹತ್ತೂ ದೂರಗಳು ಒಂದೇ ಬಿಂದುವಿನಲ್ಲಿ ಸಂಧಿಸುವುದಿಲ್ಲ. ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು? ಗೌಸ್ ಅವರ ಉತ್ತರ ಸರಳ. ಯಾವುದನ್ನೂ ಬಿಡಬೇಕಿಲ್ಲ. ಪ್ರತಿ ಅಳತೆಗೂ ಊಹಿಸಿದ ಉತ್ತರಕ್ಕೂ ಇರುವ ವ್ಯತ್ಯಾಸವನ್ನು ವರ್ಗ ಮಾಡಿ ಕೂಡಬೇಕು. ಆ ಮೊತ್ತ ಯಾವ ಬಿಂದುವಿನಲ್ಲಿ ಅತಿ ಕಡಿಮೆಯಾಗುವುದೋ ಅದೇ ಸ್ವೀಕಾರಾರ್ಹ ಉತ್ತರ. ನಂಬಿಕೆಗೆ ಹೆಚ್ಚು ಅರ್ಹವಾದ ಅಳತೆಗೆ ಹೆಚ್ಚು ತೂಕ, ಸಂಶಯಾಸ್ಪದವಾದದ್ದಕ್ಕೆ ಕಡಿಮೆ ತೂಕ. ಇದೇ ಕನಿಷ್ಠ ವರ್ಗಗಳ ವಿಧಾನ. ದಿಗಂತದ ಅಂಚಿನಲ್ಲಿರುವ ಉಪಗ್ರಹದ ಸಂಕೇತ ವಾತಾವರಣದಲ್ಲಿ ದೀರ್ಘ ದಾರಿ ಸವೆಸಿ ಬರುತ್ತದೆ. ಹಾಗಾಗಿ ಗ್ರಾಹಕಗಳು ಅದಕ್ಕೆ ನೀಡುವ ತೂಕ ನೆತ್ತಿಯ ಮೇಲಿನ ಉಪಗ್ರಹಕ್ಕಿಂತ ಕಡಿಮೆ.

ಈ ವಿಧಾನವನ್ನು ಮೊದಲು ಅಚ್ಚಿನಲ್ಲಿ ತಂದವರು ಗೌಸ್ ಅಲ್ಲ. ಫ್ರಾನ್ಸಿನ ಏಡ್ರಿಯನ್ ಮರಿ ಲೆಜಾಂಡ್ರ್ 1805ರಲ್ಲೇ ಧೂಮಕೇತುಗಳ ಕಕ್ಷೆಯ ಕುರಿತ ಕೃತಿಯಲ್ಲಿ ಅದನ್ನು ಪ್ರಕಟಿಸಿದ್ದರು. 1809ರಲ್ಲಿ ತಮ್ಮ ಆಕಾಶಕಾಯಗಳ ಚಲನೆಯ ಗ್ರಂಥವನ್ನು ಹೊರತಂದ ಗೌಸ್, 1795ರಿಂದಲೂ ತಾವು ಈ ವಿಧಾನವನ್ನು ಬಳಸುತ್ತಿರುವುದಾಗಿ ಬರೆದರು. ಲೆಜಾಂಡ್ರ್ ತೀವ್ರವಾಗಿ ನೊಂದರು. ಪ್ರಕಟಿಸಿದವರಿಗೇ ಹಕ್ಕು ಸಲ್ಲಬೇಕೆಂಬುದು ಅವರ ವಾದ. ಪೂರ್ಣವಾಗಿ ಮಾಗದ ಯಾವುದನ್ನೂ ಲೋಕದ ಮುಂದಿಡಲು ಗೌಸ್ ಒಪ್ಪುತ್ತಿರಲಿಲ್ಲ. ಕೆಲವೇ ಹಣ್ಣುಗಳನ್ನು ಹೊತ್ತ ಮರ ಅವರ ಮುದ್ರೆಯ ಚಿಹ್ನೆಯಾಗಿತ್ತು. ಈ ಸಂಯಮ ಅವರ ಬರಹಗಳಿಗೆ ಹೊಳಪು ನೀಡಿತು. ಜೊತೆಗೆ ಸಮಕಾಲೀನರಿಗೆ ನೋವನ್ನೂ ತಂದಿತು. ನ್ಯಾಯವಾಗಿ ನೋಡಿದರೆ, ವಿಧಾನದ ಪ್ರಥಮ ಪ್ರಕಟಣೆ ಲೆಜಾಂಡ್ರ್ ಅವರದು. ಅದನ್ನು ಸಂಭವನೀಯತೆಯ ನಿಯಮಕ್ಕೆ ಜೋಡಿಸಿ, ಉತ್ತರದ ಜೊತೆಗೆ ಉತ್ತರದ ವಿಶ್ವಾಸಾರ್ಹತೆಯನ್ನೂ ಅಳೆಯುವ ದಾರಿ ತೆರೆದವರು ಗೌಸ್. ನೀಲಿ ಚುಕ್ಕೆಯ ಸುತ್ತಲಿನ ವೃತ್ತ ಈ ಎರಡನೆಯ ಕೆಲಸದ ಫಲ.

ಮನೆಯೊಳಗಿನ ಕತ್ತಲೆ

ಕೀರ್ತಿ ಏರುತ್ತಿದ್ದ ವರ್ಷಗಳಲ್ಲೇ ಬದುಕು ಪೆಟ್ಟುಗಳನ್ನು ಕೊಟ್ಟಿತು. ನೆಪೋಲಿಯನ್ನನ ಸೇನೆಯೊಡನೆ ನಡೆದ ಯುದ್ಧದಲ್ಲಿ ಗಾಯಗೊಂಡ ಡ್ಯೂಕ್ 1806ರ ನವೆಂಬರಿನಲ್ಲಿ ಅಸುನೀಗಿದರು. ಆಶ್ರಯ ತಪ್ಪಿದ ಗೌಸ್ 1807ರಲ್ಲಿ ಗೊಟಿಂಗೆನ್‌ನ ವೀಕ್ಷಣಾಲಯದ ನಿರ್ದೇಶಕರಾಗಿ ನೇಮಕಗೊಂಡು ಕೊನೆಯವರೆಗೂ ಅಲ್ಲಿಯೇ ಉಳಿದರು.

1805ರಲ್ಲಿ ಅವರು ಯೊಹಾನಾ ಓಸ್ಟಾಫ್ ಅವರನ್ನು ವಿವಾಹವಾಗಿದ್ದರು. ಹುಟ್ಟಿದ ಮೂವರು ಮಕ್ಕಳಿಗೂ ಸಣ್ಣ ಗ್ರಹಗಳನ್ನು ಕಂಡುಹಿಡಿದ ಮೂವರ ಹೆಸರುಗಳನ್ನೇ ಇಟ್ಟರು. ಪಿಯಾಜಿ ನೆನಪಿಗೆ ಜೋಸೆಫ್, ಓಲ್ಬರ್ಸ್ ನೆನಪಿಗೆ ವಿಲ್ಹೆಲ್ಮಿನಾ, ಹಾರ್ಡಿಂಗ್ ನೆನಪಿಗೆ ಲೂಯಿ. ಮೂರನೆಯ ಹೆರಿಗೆಯ ನಂತರ, 1809ರ ಅಕ್ಟೋಬರಿನಲ್ಲಿ, ಯೊಹಾನಾ ತೀರಿಕೊಂಡರು. ಐದು ತಿಂಗಳೊಳಗೆ ಶಿಶು ಲೂಯಿಯೂ ಇಲ್ಲವಾಯಿತು. ಗೌಸ್ ಕುಸಿದುಹೋದರು. 1810ರಲ್ಲಿ ಯೊಹಾನಾ ಅವರ ಗೆಳತಿ ಮಿನ್ನಾ ವಾಲ್ಡೆಕ್ ಅವರನ್ನು ವರಿಸಿದರು. ಆದರೆ ದೀರ್ಘ ಕಾಯಿಲೆಯಿಂದ ಬಳಲಿದ ಮಿನ್ನಾ 1831ರಲ್ಲಿ ಅಗಲಿದರು. ಗಂಡುಮಕ್ಕಳಲ್ಲಿ ಇಬ್ಬರು ಅಮೆರಿಕಕ್ಕೆ ಹೋಗಿ ನೆಲೆಸಿದರು. ಬರೆಯಲು ಬಾರದ ತಾಯಿ ಮಾತ್ರ 1817ರಿಂದ ಮಗನ ಮನೆಯಲ್ಲೇ ಇದ್ದು, ತೊಂಬತ್ತೈದು ದಾಟಿದ ವಯಸ್ಸಿನಲ್ಲಿ 1839ರಲ್ಲಿ ಕಣ್ಣುಮುಚ್ಚಿದರು.

ಬಿಸಿಲಿನಲ್ಲಿ ಭೂಮಾಪನ

ಯೂರೋಪಿನ ಮೇರು ಗಣಿತಜ್ಞ ನಲವತ್ತು ದಾಟಿದ ಮೇಲೆ ಗುಡ್ಡ ಹತ್ತಿ ದುರ್ಬೀನು ಹಿಡಿದು ನಿಂತದ್ದು ಅನೇಕರಿಗೆ ಅಚ್ಚರಿ ತಂದಿತ್ತು. ಡೆನ್ಮಾರ್ಕ್‌ನ ಭೂಮಾಪನವನ್ನು ದಕ್ಷಿಣಕ್ಕೆ ವಿಸ್ತರಿಸುವ ಉದ್ದೇಶದಿಂದ ಹ್ಯಾನೋವರ್ ರಾಜ್ಯದ ತ್ರಿಕೋನ ಸರ್ವೆ ಆರಂಭವಾಯಿತು. 1821ರಿಂದ 1825ರವರೆಗೆ ಗೌಸ್ ಸ್ವತಃ ಬೇಸಿಗೆಯ ತಿಂಗಳುಗಳನ್ನು ಬಯಲಿನಲ್ಲಿ ಕಳೆದರು. ಲ್ಯೂನೆಬರ್ಗ್‌ನ ಸಮತಟ್ಟು ಕಾಡುಗಳಲ್ಲಿ ಒಂದು ಠಾಣೆಯಿಂದ ಇನ್ನೊಂದು ಕಾಣಲು ಮರಗಳ ನಡುವೆ ದಾರಿ ಕಡಿಯಬೇಕಾಗುತ್ತಿತ್ತು. ಸೆಕೆ, ಒರಟು ವಸತಿ ಮತ್ತು ಅನಾರೋಗ್ಯ ಅವರನ್ನು ಹಣ್ಣುಮಾಡಿದವು.

ದೂರದ ಠಾಣೆಯನ್ನು ಸ್ಪಷ್ಟವಾಗಿ ಗುರುತಿಸುವುದು ದೊಡ್ಡ ಸಮಸ್ಯೆಯಾಗಿತ್ತು. ಲ್ಯೂನೆಬರ್ಗ್‌ನಲ್ಲಿ ಒಮ್ಮೆ ಅಳತೆ ಮಾಡುವಾಗ, ದೂರದ ಹ್ಯಾಂಬರ್ಗ್‌ನ ಚರ್ಚಿನ ಗೋಪುರದ ಕಿಟಕಿಗಾಜು ಸೂರ್ಯನ ಬೆಳಕಿಗೆ ಮಿನುಗಿದ್ದು ಅವರ ಕಣ್ಣಿಗೆ ಬಿತ್ತು. ಅದರಿಂದ ಹುಟ್ಟಿದ್ದು 1821ರ ಹೀಲಿಯೋಟ್ರೋಪ್ ಎಂಬ ಉಪಕರಣ. ಸಣ್ಣ ಕನ್ನಡಿಯಿಂದ ಸೂರ್ಯರಶ್ಮಿಯನ್ನು ನಿರ್ದಿಷ್ಟ ದಿಕ್ಕಿಗೆ ಕಳುಹಿಸುವ ಈ ಸಾಧನ, ಹಗಲಿನಲ್ಲೇ ಹತ್ತಾರು ಮೈಲಿ ಆಚೆಗೆ ನಕ್ಷತ್ರದಂತೆ ಹೊಳೆಯುತ್ತಿತ್ತು. ಬ್ರಾಕೆನ್, ಹೋಹೆನ್‌ಹಾಗೆನ್ ಮತ್ತು ಇನ್ಸೆಲ್ಸ್‌ಬರ್ಗ್ ಶಿಖರಗಳ ನಡುವೆ ಅವರು ಅಳೆದ ತ್ರಿಕೋನದ ಅತಿ ದೊಡ್ಡ ಭುಜ ನೂರು ಕಿಲೋಮೀಟರಿಗೂ ಹೆಚ್ಚು. ದೂರದ ಎತ್ತರದಿಂದ ಬೆಳಕಿನ ಸಂಕೇತವನ್ನು ಕಳುಹಿಸಿ ನೆಲದ ಸ್ಥಾನವನ್ನು ನಿರ್ಣಯಿಸುವ ಈ ಕೆಲಸ ಉಪಗ್ರಹ ಸಂಚರಣೆಯ ಪೂರ್ವಜನೆನ್ನಬಹುದು.

ಠಾಣೆಗಳ ಜೋಡಣೆಯೂ ನಿಖರತೆಯನ್ನು ನಿರ್ಧರಿಸುತ್ತದೆ ಎಂಬುದನ್ನು ಭೂಮಾಪಕರು ಬಲ್ಲರು. ಸುತ್ತ ಹರಡಿದ, ಚೆನ್ನಾಗಿ ತೆರೆದ ತ್ರಿಕೋನಗಳು ಒಳ್ಳೆಯ ಫಲಿತಾಂಶ ಕೊಟ್ಟರೆ ತೆಳ್ಳನೆಯ ಮೊನಚು ತ್ರಿಕೋನಗಳು ತಪ್ಪನ್ನು ಹಿಗ್ಗಿಸುತ್ತವೆ. ಉಪಗ್ರಹಗಳ ವಿಷಯದಲ್ಲೂ ಹೀಗೆಯೇ. ಆಕಾಶದ ಒಂದೇ ಮೂಲೆಯಲ್ಲಿ ಗುಂಪುಗೂಡಿದ ಆರು ಉಪಗ್ರಹಗಳಿಗಿಂತ ನಾಲ್ಕು ದಿಕ್ಕುಗಳಿಗೆ ಚದುರಿದ ಐದು ಉಪಗ್ರಹಗಳು ಹೆಚ್ಚು ಉಪಯುಕ್ತ. ಕಣಿವೆಯಲ್ಲಿ, ದಟ್ಟ ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಉಪಕರಣದ ವೃತ್ತ ಹಿಗ್ಗುವುದಕ್ಕೆ ಇದೂ ಒಂದು ಕಾರಣ.

ಎರಡು ಬಗೆಯ ತಪ್ಪುಗಳು

ಬಯಲಿನ ಕೆಲಸದ ಜೊತೆಜೊತೆಗೇ 1821 ಮತ್ತು 1823ರಲ್ಲಿ ಗೌಸ್ ವೀಕ್ಷಣಾ ದೋಷಗಳ ಸಿದ್ಧಾಂತವನ್ನು ಮಂಡಿಸಿದರು. ಅಲ್ಲಿ ಅವರು ತಪ್ಪುಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಒಮ್ಮೆ ಹೆಚ್ಚಾಗಿ, ಒಮ್ಮೆ ಕಡಿಮೆಯಾಗಿ ಬರುವ ಗೊತ್ತುಗುರಿಯಿಲ್ಲದ ತಪ್ಪುಗಳು ಮೊದಲನೆಯವು. ಅವು ಮತ್ತೆ ಮತ್ತೆ ಅಳೆದಂತೆ ಪರಸ್ಪರ ಕಳೆದುಹೋಗುತ್ತವೆ. ಸದಾ ಒಂದೇ ಕಡೆಗೆ ಎಳೆಯುವ ಸ್ಥಿರ ತಪ್ಪುಗಳು ಎರಡನೆಯವು. ಸಾವಿರ ಸಲ ಅಳೆದರೂ ಅವು ಹೋಗುವುದಿಲ್ಲ. ಕಾರಣ ಹುಡುಕಿಯೇ ಅವುಗಳನ್ನು ನಿವಾರಿಸಬೇಕು.

ಕೈ ಉಪಕರಣದ ನಿಖರತೆ ಹೆಚ್ಚಿಸಬಯಸುವವರಿಗೆ ಇಂದಿಗೂ ಇದೇ ಮೊದಲ ಪಾಠ. ಬಯಲಿನಲ್ಲಿ ಒಂದೇ ಸ್ಥಳದಲ್ಲಿ ಕೆಲಹೊತ್ತು ನಿಂತು ಹಲವು ಅಳತೆಗಳ ಸರಾಸರಿ ತೆಗೆದರೆ ಮೊದಲ ಬಗೆಯ ತಪ್ಪು ತಗ್ಗುತ್ತದೆ. ಆದರೆ ಗಾಜಿನ ಕಟ್ಟಡಕ್ಕೆ ಬಡಿದು ಬಳಸುದಾರಿಯಲ್ಲಿ ಬರುವ ಸಂಕೇತ ದೂರವನ್ನು ಹೆಚ್ಚಾಗಿಯೇ ತೋರಿಸುತ್ತದೆ. ಅಲ್ಲಿ ಗಂಟೆಗಟ್ಟಲೆ ನಿಂತರೂ ಪ್ರಯೋಜನ ಅಲ್ಪ. ತೆರೆದ ಜಾಗಕ್ಕೆ ಸರಿಯುವುದೇ ಮೇಲು. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ನಾಗರಿಕರ ಜಿಪಿಎಸ್ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿ ತಪ್ಪು ಬೆರೆಸುತ್ತಿತ್ತು. ಆಗ ಸ್ಥಾನ ಸುಮಾರು 100 ಮೀಟರ್‌ವರೆಗೆ ತಪ್ಪುತ್ತಿತ್ತು. ಆ ಕ್ರಮ ನಿಂತ ಮೇಲೆ ಸ್ಥಿತಿ ಸುಧಾರಿಸಿತು. ಈಗಿನ ಮೊಬೈಲ್‌ಗಳು ತೆರೆದ ಆಕಾಶದಡಿ ಸಾಮಾನ್ಯವಾಗಿ 5 ಮೀಟರ್ ಆಸುಪಾಸಿನ ನಿಖರತೆ ನೀಡುತ್ತವೆ.

ಅಯಾನುಗೋಳ ಉಂಟುಮಾಡುವ ವಿಳಂಬವನ್ನು ಒಂಟಿ ಉಪಕರಣ ತಾನಾಗಿ ಪೂರ್ತಿ ಅರಿಯಲಾರದು. ಅದಕ್ಕೆ ಪರಿಹಾರವಾಗಿ ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ಒಟ್ಟಾಗಿ ಗಗನ್ ವ್ಯವಸ್ಥೆಯನ್ನು ರೂಪಿಸಿದವು. ಸ್ಥಾನ ಖಚಿತವಾಗಿ ತಿಳಿದಿರುವ 15 ನೆಲಠಾಣೆಗಳು ಉಪಗ್ರಹ ಸಂಕೇತಗಳ ತಪ್ಪನ್ನು ಗಮನಿಸುತ್ತವೆ. ಬೆಂಗಳೂರಿನ ಕುಂದಲಹಳ್ಳಿಯ ನಿಯಂತ್ರಣ ಕೇಂದ್ರ ಅವುಗಳನ್ನು ಸಂಯೋಜಿಸಿ ತಿದ್ದುಪಡಿಯನ್ನು ಸಿದ್ಧಪಡಿಸುತ್ತದೆ. ಭೂಸ್ಥಿರ ಉಪಗ್ರಹದ ಮೂಲಕ ಆ ತಿದ್ದುಪಡಿ, ಅದನ್ನು ಗ್ರಹಿಸಬಲ್ಲ ಉಪಕರಣಗಳನ್ನು ತಲುಪುತ್ತದೆ. ಒಂದೊಂದು ಬಿಂದುವನ್ನು ಬಿಡಿಯಾಗಿ ನಂಬದೆ ಇಡೀ ಜಾಲದ ತಪ್ಪನ್ನು ಒಟ್ಟಿಗೆ ತೂಗಿ ಹಂಚುವ ಈ ಬಗೆ ಹ್ಯಾನೋವರ್‌ನಲ್ಲಿ ಗೌಸ್ ಅನುಸರಿಸಿದ್ದೇ.

1823ರ ಪ್ರಬಂಧದಲ್ಲಿ ಇನ್ನೊಂದು ಬೀಜವೂ ಇತ್ತು. ಹೊಸ ಅಳತೆಯೊಂದು ಬಂದಾಗ ಹಳೆಯ ಲೆಕ್ಕವನ್ನು ಮೊದಲಿನಿಂದ ಮಾಡದೆ, ಇದ್ದ ಉತ್ತರವನ್ನಷ್ಟೇ ತಿದ್ದುವ ಉಪಾಯವನ್ನು ಅವರು ಅಲ್ಲಿ ತೋರಿಸಿದ್ದರು. 1960ರಲ್ಲಿ ರುಡಾಲ್ಫ್ ಕಾಲ್ಮನ್ ಪ್ರಕಟಿಸಿದ ವಿಧಾನ ಇದೇ ದಾರಿಯಲ್ಲಿ ಬಹುದೂರ ಸಾಗಿದೆ. ಚಲಿಸುವ ವಾಹನದಲ್ಲಿ ಚುಕ್ಕೆ ಅತ್ತಿತ್ತ ನೆಗೆಯದೆ ನಯವಾಗಿ ಸಾಗುವುದು ಕಾಲ್ಮನ್ ವಿಧಾನದ ಕೃಪೆಯಿಂದ.

ಭೂಮಿಯ ನಿಜವಾದ ಆಕಾರ

ಸ್ಥಾನವನ್ನು ಎಷ್ಟು ಚೆನ್ನಾಗಿ ಅಳೆದರೂ, ಯಾವ ಭೂಮಿಯ ಮೇಲೆ ಎಂಬ ಪ್ರಶ್ನೆ ಉಳಿಯುತ್ತದೆ. ಸಮುದ್ರದ ಪ್ರಶಾಂತ ಮೇಲ್ಮೈಯನ್ನು ನೆಲದಡಿಗೂ ಮುಂದುವರಿಸಿದರೆ ಸಿಗುವ ಅಂಕುಡೊಂಕಿನ ಆಕೃತಿಯೇ ಭೂಮಿಯ ಗಣಿತೀಯ ಆಕಾರ ಎಂದು ಗೌಸ್ 1828ರಲ್ಲಿ ವಿವರಿಸಿದರು. ಅವರ ಶಿಷ್ಯ ಲಿಸ್ಟಿಂಗ್ ಮುಂದೆ ಅದಕ್ಕೆ ಜಿಯಾಯ್ಡ್ ಎಂದು ಹೆಸರಿಟ್ಟರು. ಜಿಪಿಎಸ್ ಲೆಕ್ಕ ಹಾಕುವುದು ನಯವಾದ ದೀರ್ಘಗೋಳದ ಮೇಲಿನ ಎತ್ತರವನ್ನು. ಬೆಂಗಳೂರಿನಲ್ಲಿ ಈ ಎರಡು ಮೇಲ್ಮೈಗಳ ನಡುವಿನ ಅಂತರ ಸುಮಾರು 85 ಮೀಟರ್. ತಿದ್ದುಪಡಿ ಇಲ್ಲದ ಉಪಕರಣ ಸಮುದ್ರಮಟ್ಟದಿಂದ ಊರಿನ ಎತ್ತರವನ್ನು ಅಷ್ಟು ಕಡಿಮೆ ತೋರಿಸುತ್ತದೆ.

ನಕ್ಷೆಯ ಆಧಾರವೂ ಅಷ್ಟೇ ಮುಖ್ಯ. ಸಿರಿಸ್ ಪತ್ತೆಯಾಗುವ ಹಿಂದಿನ ವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದಿದ್ದರು. ಅವರಿಂದ ಮೊದಲಾದ ಭಾರತದ ಮಹಾ ತ್ರಿಕೋನ ಸರ್ವೆ, ಎವರೆಸ್ಟ್ ಅವರ 1830ರ ದೀರ್ಘಗೋಳವನ್ನು ಅಳವಡಿಸಿಕೊಂಡಿತು. ಅದರ ಸಮಭಾಜಕ ತ್ರಿಜ್ಯ ಜಿಪಿಎಸ್ ಬಳಸುವ ದೀರ್ಘಗೋಳಕ್ಕಿಂತ ಸುಮಾರು 860 ಮೀಟರ್ ಕಡಿಮೆ. ಹಳೆಯ ಸರ್ವೆ ನಕ್ಷೆಯ ಮೇಲೆ ಜಿಪಿಎಸ್ ಅಂಕಿಗಳನ್ನು ನೇರವಾಗಿ ಗುರುತಿಸಿದರೆ ಬಿಂದು ನೂರು ಮೀಟರಿಗೂ ಹೆಚ್ಚು ಆಚೀಚೆ ಬೀಳಬಹುದು. ಇದು ಸರಾಸರಿಯಿಂದ ಹೋಗದ ಸ್ಥಿರ ತಪ್ಪು. ಉಪಕರಣದಲ್ಲಿ ಸರಿಯಾದ ಆಧಾರವನ್ನು ಆಯ್ಕೆ ಮಾಡಿದರೆ ಕ್ಷಣದಲ್ಲಿ ನಿವಾರಣೆಯಾಗುತ್ತದೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಸಾರ್ವಜನಿಕರಿಗಾಗಿ ಬಂದ ನಕ್ಷೆಗಳು ಜಿಪಿಎಸ್ ಆಧಾರವನ್ನೇ ಅನುಸರಿಸಿವೆ. ಅವುಗಳಲ್ಲಿ ಬಳಸಿದ ಪ್ರಕ್ಷೇಪಣದ ಮೂಲವೂ ಹ್ಯಾನೋವರ್ ಸರ್ವೆಗಾಗಿ ಗೌಸ್ ರೂಪಿಸಿದ ಲೆಕ್ಕಕ್ಕೆ ಹತ್ತಿರದ ಬಂಧು.

ಕೊನೆಯ ದಶಕಗಳು

ಸರ್ವೆಯ ಅನುಭವದಿಂದಲೇ ವಕ್ರ ಮೇಲ್ಮೈಗಳ ಕುರಿತ ಅವರ ಪ್ರಸಿದ್ಧ ಪ್ರಬಂಧ ಹೊರಬಂದಿತು. 1854ರಲ್ಲಿ ಅವರ ಶಿಷ್ಯ ರೀಮನ್ ಅದನ್ನು ಯಾವುದೇ ಆಯಾಮದ ಅವಕಾಶಕ್ಕೆ ವಿಸ್ತರಿಸಿ ಉಪನ್ಯಾಸ ನೀಡಿದಾಗ ವೃದ್ಧ ಗೌಸ್ ಸಭೆಯಲ್ಲಿದ್ದರು. ಆ ರೇಖಾಗಣಿತದ ಮೇಲೆ ಐನ್‌ಸ್ಟೈನ್ 1915ರಲ್ಲಿ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವನ್ನು ಕಟ್ಟಿದರು. ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ ಎಂಬ ತಿದ್ದುಪಡಿ ಸಾಪೇಕ್ಷತೆಯಿಂದಲೇ ದೊರೆತದ್ದು. ವಿಲ್ಹೆಲ್ಮ್ ವೆಬರ್ ಜೊತೆಗೂಡಿ 1833ರಲ್ಲಿ ಅವರು ವಿದ್ಯುತ್ ಟೆಲಿಗ್ರಾಫನ್ನು ನಿರ್ಮಿಸಿದರು. ಭೂಮಿಯ ಕಾಂತಕ್ಷೇತ್ರವನ್ನು ಗಣಿತದಲ್ಲಿ ಹಿಡಿದಿಟ್ಟರು. ಮೊಬೈಲ್‌ನ ದಿಕ್ಸೂಚಿ ಕಾಂತೀಯ ಉತ್ತರವನ್ನು ನಿಜವಾದ ಉತ್ತರವನ್ನಾಗಿ ಪರಿವರ್ತಿಸುವುದು ಆ ಗಣಿತದ ಆಧಾರದಿಂದ.

ಮೌನದಿಂದ ಇತರರಿಗಾದ ನೋವು ಮಾತ್ರ ಈ ಸಾಧನೆಗಳ ಪಕ್ಕದಲ್ಲೇ ನಿಲ್ಲುತ್ತದೆ. ಹಂಗೆರಿಯ ಯಾನೋಶ್ ಬೊಯಾಯಿ ಹೊಸ ರೇಖಾಗಣಿತವನ್ನು ಪ್ರಕಟಿಸಿದಾಗ, ಅವೇ ವಿಚಾರಗಳು ತಮಗೆ ಬಹುಕಾಲದಿಂದ ತಿಳಿದಿದ್ದವು ಎಂದು ಗೌಸ್ 1832ರಲ್ಲಿ ಅವರ ತಂದೆಗೆ ಬರೆದರು. ಯುವಕನ ಉತ್ಸಾಹ ಬಾಡಿತು. ವೀಕ್ಷಣೆಯ ತಪ್ಪನ್ನು ಬಚ್ಚಿಡದೆ ಲೆಕ್ಕಕ್ಕೆ ಸೇರಿಸಬೇಕೆಂದು ಜಗತ್ತಿಗೆ ಕಲಿಸಿದ ವಿದ್ವಾಂಸರು ತಮ್ಮ ಅಪೂರ್ಣ ಬರಹಗಳನ್ನು ಮಾತ್ರ ಪೆಟ್ಟಿಗೆಯಿಂದ ಹೊರತೆಗೆಯಲಿಲ್ಲ.

1855ರ ಫೆಬ್ರುವರಿ 23ರಂದು ಗೊಟಿಂಗೆನ್‌ನಲ್ಲಿ ಗೌಸ್ ನಿಧನರಾದರು. ಅವರಿಗೆ 77 ವರ್ಷ. ಯೂರೋ ಬರುವವರೆಗೆ ಚಲಾವಣೆಯಲ್ಲಿದ್ದ ಜರ್ಮನಿಯ 10 ಮಾರ್ಕ್ ನೋಟಿನ ಮುಂಬದಿಯಲ್ಲಿ ಅವರ ಭಾವಚಿತ್ರ, ಜೊತೆಗೆ ದೋಷಗಳ ಹಂಚಿಕೆಯನ್ನು ತೋರುವ ಗಂಟೆಯಾಕಾರದ ರೇಖೆ ಇತ್ತು. ಹಿಂಬದಿಯಲ್ಲಿ ಅವರ ತ್ರಿಕೋನ ಜಾಲದ ಒಂದು ಭಾಗವಿತ್ತು. ಆ ನೋಟು ಈಗ ಸಂಗ್ರಾಹಕರ ಪಾಲಾಗಿದೆ. ಅದರ ಎರಡೂ ಬದಿಯ ಗಣಿತ ಮಾತ್ರ ಕೋಟ್ಯಂತರ ಜನರ ಕೈಯಲ್ಲಿ, ಪ್ರತಿ ಸೆಕೆಂಡಿಗೂ ಹೊಸದಾಗಿ ಲೆಕ್ಕ ಹಾಕುತ್ತ, ಚಲಾವಣೆಯಲ್ಲಿದೆ.